ಆಫ್ರಿಕದ ಕಾಡು: ಮೊದಲು ತಿಂಗಳು, ಆಮೇಲೆ ದೇಶ
(ನಮ್ಮ ಉಚಿತ ವಾಚನಾಲಯದಲ್ಲಿ ಭಾನುವಾರ ಸಂಜೆ ಮಾಡಿದ ಭಾಷಣ)



ಇಂದಿನ ವಿಷಯವನ್ನು ಫಲಕದ ಮೇಲೆ ಓದಿ ಕೆಲವರು ನಕ್ಕರೆಂದು ಕೇಳಿದೆವು. ಡೊಂಬಿವಲಿಯಲ್ಲಿ ಲೋಕಲ್ ಹತ್ತಿ ದಾದರಿನವರೆಗೆ ಒಂದೇ ಕಾಲಿನ ಮೇಲೆ ನಿಂತು ಹೋಗುವವರಿಗೆ ಆಫ್ರಿಕದ ಸಿಂಹದ ಸುದ್ದಿ ಏತಕ್ಕೆ? ನಕ್ಕವರ ನಗು ನ್ಯಾಯವೇ. ಆದರೆ ಕಾಲ ಬದಲಾಗಿದೆ. ಹೋಟೆಲಿನ ಗಲ್ಲೆಯಲ್ಲಿ ಕುಳಿತವರ, ಕಾರಖಾನೆಯಲ್ಲಿ ರಾತ್ರಿ ಪಾಳಿ ಮಾಡಿದವರ, ಕಚೇರಿಯಲ್ಲಿ ಲೆಡ್ಜರ್ ಬರೆದವರ ಮಕ್ಕಳು ಇಂದು ಐರೋಲಿ, ಮಹಾಪೆಗಳ ಕಂಪ್ಯೂಟರ್ ಕಚೇರಿಗಳಲ್ಲಿ ದುಡಿಯುತ್ತಾರೆ. "ಅಪ್ಪಾ, ಈ ಮೇ ತಿಂಗಳು ಎಲ್ಲರೂ ಕೂಡಿ ಕೀನ್ಯಾಕ್ಕೆ ಹೋಗೋಣ, ಮಕ್ಕಳಿಗೆ ಸಿಂಹ ತೋರಿಸೋಣ" ಎನ್ನುತ್ತಾರೆ. ಮಗನ ಬೋನಸ್ಸು, ತಂದೆಯ ಪ್ರಾವಿಡೆಂಟ್ ಫಂಡಿನಲ್ಲಿ ಉಳಿದದ್ದು, ತಾಯಿಯ ಭಿಶಿಯ ಹಣ, ಮೂರೂ ಸೇರಿ ಒಂದು ಪ್ರವಾಸವಾಗುತ್ತದೆ. ಒಂದು ಸಂಸಾರ ಜೀವಮಾನದಲ್ಲಿ ಒಮ್ಮೆ ಮಾಡುವ ಖರ್ಚು ಅದು. ಪ್ರವಾಸದ ಕಂಪೆನಿಗಳ ಬಣ್ಣದ ಕರಪತ್ರಗಳು ನಮ್ಮ ಪತ್ರಿಕೆಗಳ ಮೇಜಿನ ಮೇಲೂ ಬಂದು ಬಿದ್ದಿವೆ. ಅವನ್ನು ಹಿಡಿದುಕೊಂಡು "ಇದು ಹೇಗೆ, ನೋಡಿ" ಎಂದು ಕೇಳಿದವರು ಈ ವರ್ಷ ಒಬ್ಬಿಬ್ಬರಲ್ಲ. ಅವರಿಗೆ ಬೇರೆ ಬೇರೆಯಾಗಿ ಹೇಳಿದ್ದನ್ನೇ ಇಲ್ಲಿ ಒಟ್ಟಾಗಿ ಹೇಳುತ್ತೇವೆ.

ಎಲ್ಲರೂ ಮೊದಲು ಕೇಳುವುದು, ಕೀನ್ಯಾ ಒಳ್ಳೆಯದೋ ಟಾಂಜಾನಿಯಾ ಒಳ್ಳೆಯದೋ ದಕ್ಷಿಣ ಆಫ್ರಿಕ ಒಳ್ಳೆಯದೋ ಎಂದು. ನಮ್ಮ ಅಭಿಪ್ರಾಯದಲ್ಲಿ ಇದು ಎರಡನೆಯ ಪ್ರಶ್ನೆ. ನಿಮಗೆ ರಜೆ ಯಾವ ತಿಂಗಳು ಎಂಬುದು ಮೊದಲನೆಯದು. ದೇಶವನ್ನು ನಾವು ಆರಿಸಬಹುದು. ತಿಂಗಳನ್ನು ಆರಿಸುವುದು ಮಕ್ಕಳ ಶಾಲೆ ಮತ್ತು ನಮ್ಮ ಮೇಲಧಿಕಾರಿ. ಮೃಗಗಳಿಗಾದರೋ ಶಾಲೆಯೂ ಇಲ್ಲ, ಮೇಲಧಿಕಾರಿಯೂ ಇಲ್ಲ. ಅವು ಮಳೆಯನ್ನೂ ಹುಲ್ಲನ್ನೂ ಅನುಸರಿಸಿ ನಡೆಯುತ್ತವೆ.

ಕರಪತ್ರಗಳಲ್ಲಿ ತಪ್ಪದೆ ಇರುವ ಒಂದು ಚಿತ್ರವನ್ನು ನೀವೆಲ್ಲ ನೋಡಿದ್ದೀರಿ: ನದಿಯ ದಂಡೆಯಿಂದ ಸಾವಿರಾರು ಮೃಗಗಳು ನೀರಿಗೆ ಧುಮುಕುತ್ತಿವೆ, ಕೆಳಗೆ ಮೊಸಳೆ ಬಾಯಿ ತೆರೆದಿದೆ. ಆ ಮೃಗದ ಹೆಸರು ವಿಲ್ಡ್‌ಬೀಸ್ಟ್. ದನದಂತಹ ಮೈ, ಕುದುರೆಯಂತಹ ಬಾಲ, ಉದ್ದ ಮುಖ. ಇವು ಹತ್ತು ಲಕ್ಷಕ್ಕೂ ಮೇಲೆ ಇವೆ. ವರ್ಷವಿಡೀ ಒಂದು ದೊಡ್ಡ ಸುತ್ತು ಸುತ್ತುತ್ತವೆ. ಜನವರಿಯಿಂದ ಮಾರ್ಚ್ ವರೆಗೆ ಟಾಂಜಾನಿಯಾದ ಸೆರೆಂಗೆಟಿಯ ದಕ್ಷಿಣದ ಬಯಲಿನಲ್ಲಿ ಕರು ಹಾಕುತ್ತವೆ. ಮಳೆ ಮುಗಿಯುತ್ತಿದ್ದಂತೆ ಪಶ್ಚಿಮಕ್ಕೂ ಉತ್ತರಕ್ಕೂ ಹೊರಡುತ್ತವೆ. ಜುಲೈ ನಡುವಿನ ಹೊತ್ತಿಗೆ ಮಾರಾ ನದಿಯನ್ನು ತಲಪಿ ಕೀನ್ಯಾದ ಮಸಾಯಿ ಮಾರಾಕ್ಕೆ ಬರುತ್ತವೆ. ಅಕ್ಟೋಬರ್ ತನಕ ಅಲ್ಲೇ ಇದ್ದು ಮತ್ತೆ ದಕ್ಷಿಣಕ್ಕೆ ತಿರುಗುತ್ತವೆ. ಸೆರೆಂಗೆಟಿ ಉದ್ಯಾನ ಸುಮಾರು 14,760 ಚದರ ಕಿಲೋಮೀಟರು, ಮಸಾಯಿ ಮಾರಾ ಸುಮಾರು 1,510. ನಡುವೆ ಬೇಲಿ ಇಲ್ಲ. ನಕಾಶೆಯಲ್ಲಿ ಎರಡು ದೇಶ; ಮೃಗಗಳಿಗೆ ಒಂದೇ ಹುಲ್ಲುಗಾವಲು.

ಈಗ ನಮ್ಮ ಗೋಡೆಯ ಕ್ಯಾಲೆಂಡರನ್ನು ತೆಗೆದು ನೋಡೋಣ. ನಮ್ಮ ಮಕ್ಕಳಿಗೆ ದೊಡ್ಡ ರಜೆ ಮೇ ತಿಂಗಳು. ಜೂನ್ ನಡುವಿನಲ್ಲಿ ಶಾಲೆ ತೆರೆಯುತ್ತದೆ. ಪೂರ್ವ ಆಫ್ರಿಕದಲ್ಲಿ ಮಾರ್ಚಿನಿಂದ ಮೇ ವರೆಗೆ ದೊಡ್ಡ ಮಳೆ. ಕರಪತ್ರದ ಚಿತ್ರದಲ್ಲಿರುವ ನದಿ ದಾಟುವ ಮೃಗ ಮೇ ತಿಂಗಳಲ್ಲಿ ಮಾರಾದಲ್ಲಿ ಇರುವುದಿಲ್ಲ. ಹುಲ್ಲು ಎತ್ತರಕ್ಕೆ ಬೆಳೆದಿರುತ್ತದೆ. ಮಾರಾದ ಬಹುಭಾಗ ಎರೆಮಣ್ಣು. ಗದಗ, ನವಲಗುಂದದ ಕಡೆಯವರಿಗೆ ನಾವು ಹೇಳಬೇಕಾಗಿಲ್ಲ, ಮಳೆ ಬಿದ್ದ ಎರೆಯಲ್ಲಿ ಗಾಡಿಯ ಗಾಲಿ ಏನಾಗುತ್ತದೆಂದು. ಸಿಂಹ, ಆನೆ, ಜಿರಾಫೆ ವರ್ಷವಿಡೀ ಇರುತ್ತವೆ, ಕಾಣುವುದೇ ಇಲ್ಲವೆಂದಲ್ಲ. ಆದರೆ ಮೇ ತಿಂಗಳ ದರ ಏಕೆ ಅಷ್ಟು ಅಗ್ಗ ಎಂದು ಕೇಳಿದವರಿಗೆ ಉತ್ತರ ಇದೇ. ಅಗ್ಗದ ತಿಂಗಳಿನ ದರವನ್ನೂ ದುಬಾರಿ ತಿಂಗಳಿನ ಚಿತ್ರವನ್ನೂ ಒಂದೇ ಕಾಗದದಲ್ಲಿ ಅಚ್ಚು ಹಾಕುವುದು ವ್ಯಾಪಾರದ ಚಾತುರ್ಯ. ಸುಳ್ಳೆನ್ನಲಾಗದು, ನಿಜವೆನ್ನಲೂ ಆಗದು.

ದೀಪಾವಳಿಯ ರಜೆ ಅಕ್ಟೋಬರಿನ ಕೊನೆಯಲ್ಲಿ ಬಿದ್ದ ವರ್ಷ ಮಾರಾದಲ್ಲಿ ಮಂದೆಯ ಬಾಲವಾದರೂ ಕಂಡೀತು. ನವೆಂಬರಿಗೆ ಜಾರಿದ ವರ್ಷ ಅಲ್ಲಿ ಸಣ್ಣ ಮಳೆ ಹಿಡಿದಿರುತ್ತದೆ. ಶಾಲೆಯ ಹಂಗಿಲ್ಲದವರು, ಎಂದರೆ ನಿವೃತ್ತರಾದ ದಂಪತಿಗಳು, ಆಗಸ್ಟ್ ಸೆಪ್ಟೆಂಬರಿನಲ್ಲಿ ಹೋಗಲಿ. ಅವರಿಗೆ ಮಾರಾಕ್ಕಿಂತ ಉತ್ತಮವಾದದ್ದನ್ನು ನಾವು ಹೇಳಲಾರೆವು. ಆದರೆ ಹಣದ ಚೀಲ ಗಟ್ಟಿಯಾಗಿರಬೇಕು. 2024ರಲ್ಲಿ ಮಾರಾದ ಪ್ರವೇಶಶುಲ್ಕವನ್ನು ಏರಿಸಿದರು: ಹೊರದೇಶದ ವಯಸ್ಕರಿಗೆ ಜನವರಿಯಿಂದ ಜೂನ್ ವರೆಗೆ ದಿನಕ್ಕೆ 100 ಡಾಲರು, ಜುಲೈಯಿಂದ ಡಿಸೆಂಬರ್ ವರೆಗೆ 200 ಡಾಲರು. ಆ ದಿನವೆಂಬುದೂ ಹನ್ನೆರಡು ಗಂಟೆಯದು. ಗಂಡ ಹೆಂಡತಿ ಇಬ್ಬರೇ ಮೂರು ದಿನ ಇದ್ದರೆ 1,200 ಡಾಲರು. ಡಾಲರಿಗೆ 85 ರೂಪಾಯಿಯಂತೆ ಹಿಡಿದರೂ 1,02,000 ರೂಪಾಯಿ. ಇದು ಬಾಗಿಲು ತೆರೆಸುವ ಹಣ ಮಾತ್ರ. ವಿಮಾನ, ವಸತಿ, ಜೀಪು ಇದರಲ್ಲಿ ಸೇರಿಲ್ಲ.

ಮೇ ತಿಂಗಳೇ ಗತಿ, ಆಫ್ರಿಕಕ್ಕೇ ಹೋಗಬೇಕು ಎನ್ನುವವರು ಭೂಮಧ್ಯರೇಖೆಯಿಂದ ದಕ್ಷಿಣಕ್ಕೆ ಇಳಿಯಬೇಕು. ಅಲ್ಲಿ ಮೇ ಎಂದರೆ ಮಳೆ ನಿಂತು ಚಳಿಗಾಲ ಕಾಲಿಡುವ ಹೊತ್ತು. ಎಲೆ ಉದುರಿ ಪೊದೆ ತೆಳುವಾಗುತ್ತದೆ, ಮೃಗಗಳು ನೀರಿನ ಗುಂಡಿಗೆ ಬರುತ್ತವೆ. ದಕ್ಷಿಣ ಆಫ್ರಿಕದ ಕ್ರೂಗರ್ ಉದ್ಯಾನ 1926ರಲ್ಲಿ ಆದದ್ದು. ಸುಮಾರು 19,500 ಚದರ ಕಿಲೋಮೀಟರು. ಇದರ ವಿಶೇಷವೆಂದರೆ ಒಳಗೆ ಡಾಂಬರು ರಸ್ತೆಯುಂಟು, ಸರ್ಕಾರಿ ತಂಗುದಾಣಗಳುಂಟು. ಸಾಧಾರಣ ಕಾರಿನಲ್ಲೇ ಸಂಸಾರ ಕೂಡಿ ಸುತ್ತಬಹುದು. ಗೊತ್ತಾದ ಜಾಗದ ಹೊರತು ಕಾರಿನಿಂದ ಇಳಿಯಕೂಡದು, ಕತ್ತಲಾಗುವ ಮುಂಚೆ ತಂಗುದಾಣದ ಬಾಗಿಲೊಳಗೆ ಇರಬೇಕು, ಇವೆರಡೇ ಕಟ್ಟುನಿಟ್ಟು. ಬೆನ್ನು ನೋವಿನ ಅಜ್ಜ ಅಜ್ಜಿಯರಿಗೆ ಇದು ಲೇಸು. ನೈರೋಬಿಯಿಂದ ಮಾರಾಕ್ಕೆ ರಸ್ತೆಯಲ್ಲಿ ಐದಾರು ಗಂಟೆಯ ಕುಲುಕಾಟವುಂಟು. ಆದರೆ ಕ್ರೂಗರಿನಲ್ಲಿ ಮಲೇರಿಯದ ಭಯವಿದೆ, ಮೇ ಮುಗಿಯುವವರೆಗೂ ಇದೆ. ಎಳೆಯ ಮಕ್ಕಳಿದ್ದವರು ಜೊಹಾನ್ಸ್‌ಬರ್ಗಿನಿಂದ ಮೂರು ಗಂಟೆಯೊಳಗಿನ ಪಿಲಾನ್ಸ್‌ಬರ್ಗಿಗೆ ಹೋಗಲಿ. ಆರಿಹೋದ ಜ್ವಾಲಾಮುಖಿಯ ಬಟ್ಟಲಿನಲ್ಲಿರುವ ಕಾಡು ಅದು, ಮಲೇರಿಯವಿಲ್ಲ. ನಮೀಬಿಯ, ಬೋಟ್ಸ್ವಾನಗಳೂ ಈ ಕಾಲಕ್ಕೆ ಒಳ್ಳೆಯವೇ, ಆದರೆ ನಮ್ಮಂತಹವರಿಗೆ ದೂರವೂ ಹೆಚ್ಚು, ಬೆಲೆಯೂ ಹೆಚ್ಚು.

ಮೃಗಗಳ ಜೊತೆಗೆ ನಮ್ಮವರ ಹೆಜ್ಜೆಯನ್ನೂ ಕಾಣಬೇಕೆಂಬ ಆಸೆಯಿದ್ದವರಿಗೆ ಒಂದು ದಾರಿ ಹೇಳಬೇಕು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ನಮ್ಮ ಥಾಣೆಗೆ ಮೊದಲ ಪ್ರಯಾಣಿಕರ ರೈಲು ಓಡಿತೆಂಬುದು ನಿಮಗೆ ಬಾಯಿಪಾಠ. ಅದಾದ 43 ವರ್ಷಕ್ಕೆ, 1896ರಲ್ಲಿ, ಮೊಂಬಾಸಾ ಬಂದರಿನಿಂದ ಒಳನಾಡಿಗೆ ಬ್ರಿಟಿಷರು ಮೀಟರ್ ಗೇಜ್ ಹಾದಿ ಹಾಕತೊಡಗಿದರು. ಹಾಕಿದ ಕೈಗಳು ಹಿಂದೂಸ್ಥಾನದ ಕೂಲಿಗಳವು. ಸುಮಾರು 32,000 ಜನ, ಬಹುಮಂದಿ ಪಂಜಾಬಿನವರು. ಸುಮಾರು 2,500 ಜನ ಅಲ್ಲೇ ಸತ್ತರು. 1898ರಲ್ಲಿ ತ್ಸಾವೋ ನದಿಗೆ ಸೇತುವೆ ಕಟ್ಟುವಾಗ ಕೇಸರವಿಲ್ಲದ ಎರಡು ಗಂಡು ಸಿಂಹಗಳು ರಾತ್ರಿ ರಾತ್ರಿ ಡೇರೆಗಳಿಂದ ಕೂಲಿಗಳನ್ನು ಎಳೆದೊಯ್ದವು. ಕೆಲಸವೇ ಕೆಲಕಾಲ ನಿಂತುಹೋಯಿತು. ಸಿಂಹಗಳನ್ನು ಹೊಡೆದ ಸಾಹೇಬನ ಹೆಸರು ಪುಸ್ತಕದಲ್ಲಿದೆ, ಸಿಂಹಗಳ ಚರ್ಮ ಚಿಕಾಗೋದ ವಸ್ತುಸಂಗ್ರಹಾಲಯದಲ್ಲಿದೆ. ಸತ್ತ ಕೂಲಿಗಳೆಷ್ಟು ಮಂದಿ ಎಂಬುದಕ್ಕೆ ಮಾತ್ರ ಇಂದಿಗೂ ಒಂದೇ ಲೆಕ್ಕವಿಲ್ಲ. ಹೊಟ್ಟೆಪಾಡಿಗೆ ಊರು ಬಿಟ್ಟವರಾದ ನಮಗೆ ಈ ಕತೆ ಓದುವಾಗ ಬೇರೆಯವರದೆಂದು ತೋರುವುದಿಲ್ಲ.

ಅದೇ ದಿಕ್ಕಿನಲ್ಲಿ 2017ರಿಂದ ಹೊಸ ರೈಲು ಓಡುತ್ತಿದೆ, ಮೊಂಬಾಸಾದಿಂದ ನೈರೋಬಿಗೆ. ಹಾದಿ ತ್ಸಾವೋ ಕಾಡಿನ ನಡುವೆ ಹೋಗುತ್ತದೆ. ಆನೆಗಳು ಅಡಿಯಲ್ಲಿ ನುಸುಳಲೆಂದು ಹಳಿಯನ್ನು ಅಲ್ಲಲ್ಲಿ ಎತ್ತರಿಸಿದ್ದಾರೆ. ಕೆಂಪು ಮಣ್ಣು ಮೈಗೆ ಎರಚಿಕೊಂಡು ಕೆಂಪಾದ ಆನೆಗಳು ಕಿಟಕಿಯಿಂದಲೇ ಕಾಣಸಿಕ್ಕಾವು. ತ್ಸಾವೋದ ಶುಲ್ಕ ಮಾರಾದ್ದಕ್ಕಿಂತ ಕಡಮೆ. ಅಲ್ಲಿಯ ಮಾತಿನಲ್ಲೂ ನಮ್ಮ ನೆರೆಹೊರೆ ಉಂಟು: ಸ್ವಾಹಿಲಿಯಲ್ಲಿ ಅಂಗಡಿ 'ದೂಕಾ', ಚಹಾ 'ಚಾಯ್', ವಾಹನ 'ಗಾರಿ', ಚಪಾತಿ ಚಪಾತಿಯೇ. ಸಿಂಹಕ್ಕೆ 'ಸಿಂಬಾ' ಎನ್ನುವುದು ಮಾತ್ರ ಆಕಸ್ಮಿಕವಂತೆ. ಶಾಕಾಹಾರಿಗಳಿಗೆ ನೈರೋಬಿ, ಮೊಂಬಾಸಾಗಳಲ್ಲಿ ಗುಜರಾತಿಗಳ ಊಟ ಸಿಗುತ್ತದೆ.

ಕೀನ್ಯಾಕ್ಕೆ ಹೋಗುವವರು ಸೂಜಿಮದ್ದಿನ ವಿಷಯವನ್ನು ಲಘುವಾಗಿ ಎಣಿಸಬಾರದು. ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡ ಪ್ರಮಾಣಪತ್ರವಿಲ್ಲದೆ ಅಲ್ಲಿಂದ ಮರಳಿದರೆ ನಮ್ಮ ಸರ್ಕಾರವೇ ನಮ್ಮನ್ನು ಆರು ದಿನದವರೆಗೆ ಬೇರೆ ಇರಿಸಬಹುದು. ಆ ಜ್ವರ ಹರಡುವ ಸೊಳ್ಳೆ ನಮ್ಮಲ್ಲಿ ಧಾರಾಳವಾಗಿದೆ, ಜ್ವರ ಮಾತ್ರ ಇನ್ನೂ ಬಂದಿಲ್ಲ. ಬರಗೊಡಬಾರದೆಂದೇ ಈ ಬಿಗಿ. ಲಸಿಕೆ ಎಲ್ಲ ದವಾಖಾನೆಗಳಲ್ಲಿ ಇಲ್ಲ. ಮುಂಬಯಿಯ ಬಂದರು ಆರೋಗ್ಯ ಸಂಸ್ಥೆಯಂತಹ ಸರ್ಕಾರ ಒಪ್ಪಿದ ಕೇಂದ್ರಗಳಲ್ಲಿ ಮಾತ್ರ. ಚುಚ್ಚಿಸಿಕೊಂಡು ಹತ್ತು ದಿನವಾದ ಮೇಲೆಯೇ ಪ್ರಮಾಣಪತ್ರಕ್ಕೆ ಬೆಲೆ. ಆದುದರಿಂದ ಹೊರಡುವ ವಾರ ಓಡಾಡಿ ಫಲವಿಲ್ಲ. ಒಮ್ಮೆ ಹಾಕಿಸಿದರೆ ಜನ್ಮಕ್ಕೆ ಸಾಕು. 2016ರಿಂದ ಈ ನಿಯಮ. ಒಂಬತ್ತು ತಿಂಗಳಿಗಿಂತ ಚಿಕ್ಕ ಕೂಸಿಗೆ ಹಾಕುವುದಿಲ್ಲ. ಅರುವತ್ತು ದಾಟಿದವರು, ಗರ್ಭಿಣಿಯರು, ಮೊಟ್ಟೆ ಮೈಗೆ ಒಗ್ಗದವರು ವೈದ್ಯರನ್ನು ಕೇಳಿಯೇ ಮುಂದುವರಿಯತಕ್ಕದ್ದು. ಅಜ್ಜನಿಗೆ ಲಸಿಕೆ ಕೂಡದೆಂದು ವೈದ್ಯರು ಹೇಳಿದರೆ ಇಡೀ ಪ್ರವಾಸದ ಲೆಕ್ಕವೇ ಬೇರೆಯಾಗುತ್ತದೆ. ಮುಂಗಡ ಕಟ್ಟುವ ಮೊದಲು ಇದನ್ನು ತಿಳಿದುಕೊಳ್ಳಿ.

ಕಂಪೆನಿಯವರನ್ನು ಏನು ಕೇಳಬೇಕು? ಉದ್ಯಾನದ ಶುಲ್ಕ ದರದಲ್ಲಿ ಸೇರಿದೆಯೇ ಎಂದು ಕೇಳಿ. ವಸತಿ ಕಾಡಿನ ಗಡಿಯ ಒಳಗೋ ಹೊರಗೋ ಎಂದು ಕೇಳಿ. 'ಮಾರಾ' ಎಂಬ ಹೆಸರು ಬೋರ್ಡಿನಲ್ಲಿದ್ದರೆ ಸಾಲದು. ಒಂದು ಗಾಡಿಗೆ ಎಷ್ಟು ಜನ, ಪ್ರತಿಯೊಬ್ಬರಿಗೂ ಕಿಟಕಿಯುಂಟೇ ಎಂದು ಕೇಳಿ. ಲೋಕಲಿನಲ್ಲಿ ನಾಲ್ಕನೆಯ ಸೀಟಿನಲ್ಲಿ ತುದಿಗೆ ಕುಳಿತು ಅಭ್ಯಾಸವಾದ ನಾವು ಅಲ್ಲಿಯೂ ಹೊಂದಿಕೊಂಡೇವು, ಆದರೆ ಅಷ್ಟು ಹಣ ಕೊಟ್ಟು ಮುಂದಿನವನ ತಲೆಯನ್ನು ನೋಡಿ ಬರುವುದು ಬೇಡ. ಸಣ್ಣ ವಿಮಾನದಲ್ಲಿ ಕಾಡಿಗೆ ಒಯ್ಯುವುದಾದರೆ ತಲೆಗೆ 15 ಕಿಲೋ, ಅದೂ ಮೆತ್ತನೆಯ ಚೀಲದಲ್ಲಿ. ಚಕ್ಕುಲಿ ಅವಲಕ್ಕಿಯ ಡಬ್ಬಿಗಳನ್ನು ಆಗಲೇ ಎಣಿಸಬೇಕು. ಹೊರದೇಶದ ಪ್ರವಾಸದ ಹಣದ ಮೇಲೆ ಕಂಪೆನಿ ಮೂಲದಲ್ಲೇ ತೆರಿಗೆ ಕೂಡಿಸಿ ಕೇಳುತ್ತದೆ. ಅದು ಕಳೆದುಹೋದ ಹಣವಲ್ಲ, ವರ್ಷದ ಆದಾಯ ತೆರಿಗೆಯ ರಿಟರ್ನಿನಲ್ಲಿ ಹೊಂದಿಸಿಕೊಳ್ಳಬಹುದು, ಚೀಟಿ ಜೋಪಾನ.

ಇನ್ನು ನಮ್ಮ ಮನಸ್ಸಿನಲ್ಲಿರುವ ಮುಖ್ಯ ಮಾತು. ಕೀನ್ಯಾದ ಕರಪತ್ರದಲ್ಲಿ ಇನ್ನೊಂದು ಚಿತ್ರವಿರುತ್ತದೆ: ನಕೂರು ಸರೋವರ, ದಡವೆಲ್ಲ ಗುಲಾಬಿ ಬಣ್ಣ, ಲಕ್ಷಾಂತರ ರಾಜಹಂಸಗಳು. ಆ ಸರೋವರದ ನೀರು 2010ರ ನಂತರದ ವರ್ಷಗಳಲ್ಲಿ ಏರುತ್ತಾ ಬಂದು, ಹಕ್ಕಿಗಳು ತಿನ್ನುವ ಪಾಚಿ ಕಡಮೆಯಾಗಿ, ಬಹಳಷ್ಟು ಹಕ್ಕಿಗಳು ಬೇರೆ ಸರೋವರಗಳಿಗೆ ಹಾರಿಹೋದವು. ಚಿತ್ರ ಮಾತ್ರ ಹಳೆಯದೇ ಅಚ್ಚಾಗುತ್ತಿದೆ. ಅದೇ ಜಾತಿಯ ಹಕ್ಕಿ, ಚಿಕ್ಕ ರಾಜಹಂಸ, ನಮ್ಮ ಥಾಣೆ ಖಾಡಿಯಲ್ಲಿ ನವೆಂಬರಿನಿಂದ ಮೇ ತನಕ ಇರುತ್ತದೆ! ಲಕ್ಷದ ಮೇಲೆ ಎಣಿಸಿದ ವರ್ಷವೂ ಉಂಟು. ನೆರೆಯ ಮರಾಠಿ ಬಂಧುಗಳು ಇದನ್ನು 'ರೋಹಿತ' ಎನ್ನುತ್ತಾರೆ. 2015ರಲ್ಲಿ ಖಾಡಿಯ ಒಂದು ಭಾಗ ರಾಜಹಂಸಗಳ ಅಭಯಾರಣ್ಯವಾಯಿತು. 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿ ಜಗತ್ತಿನ ಮಾನ್ಯತೆ ಪಡೆಯಿತು. ಐರೋಲಿಯಲ್ಲಿ ಅರಣ್ಯ ಇಲಾಖೆಯ ಕೇಂದ್ರದಿಂದ ದೋಣಿ ಹೊರಡುತ್ತದೆ, ಉಬ್ಬರ ಇಳಿತ ನೋಡಿಕೊಂಡು ಹೊತ್ತು ಗೊತ್ತುಮಾಡುತ್ತಾರೆ. ಥಾಣೆಯಿಂದ ವಾಶಿಗೆ ಲೋಕಲಿನಲ್ಲಿ ದಿನಾ ಐರೋಲಿ ದಾಟುವ ಎಷ್ಟು ಮಂದಿ ಇದನ್ನು ಕಂಡಿದ್ದೀರಿ? ಆಫ್ರಿಕದ ಮಾತು ಎತ್ತಿದ ಮಗುವಿಗೆ ಒಂದು ಭಾನುವಾರ ಮೊದಲು ಇದನ್ನು ತೋರಿಸಿ. ಎರಡು ತಾಸು ಸದ್ದಿಲ್ಲದೆ ಕುಳಿತು ನೋಡುವ ತಾಳ್ಮೆ ಮಗುವಿಗೆ ಇದೆಯೇ ಎಂದು ಅಲ್ಲೇ ಗೊತ್ತಾಗುತ್ತದೆ. ಸಫಾರಿಯೆಂದರೆ ಮುಕ್ಕಾಲು ಪಾಲು ಕಾಯುವುದೇ ತಾನೆ.

ಎರಡನೆಯದಾಗಿ ಕಬಿನಿ. ಮೇ ತಿಂಗಳು ಮಾರಾಕ್ಕೆ ಕೆಟ್ಟ ತಿಂಗಳೆಂದೆವು. ಕಬಿನಿಗೆ ಅದೇ ಒಳ್ಳೆಯ ತಿಂಗಳು. 1974ರಲ್ಲಿ ಅಣೆಕಟ್ಟು ಮುಗಿದಾಗ ಕಾಕನಕೋಟೆಯ ಕಾಡಿನ ದೊಡ್ಡ ಭಾಗ ನೀರಿನಡಿ ಹೋಯಿತು. ಮೈಸೂರಿನ ಹಿರಿಯರು ನೆನೆಯುವ ಖೆಡ್ಡಾ, ಆನೆ ಹಿಡಿಯುವ ಆ ಗದ್ದಲ, ನಡೆಯುತ್ತಿದ್ದದ್ದು ಅಲ್ಲಿಯೇ, 1971ರದ್ದು ಕೊನೆಯದು. ಬೇಸಗೆಯಲ್ಲಿ ಕಾಡಿನ ಕೆರೆ ಹಳ್ಳಗಳು ಬತ್ತುತ್ತವೆ, ಜಲಾಶಯದ ಹಿನ್ನೀರು ಇಳಿಯುತ್ತದೆ, ಇಳಿದ ಜಾಗದಲ್ಲಿ ಎಳೆ ಹುಲ್ಲು ಚಿಗುರುತ್ತದೆ. ಮಾರ್ಚಿನಿಂದ ಮೇ ತನಕ ನಾಗರಹೊಳೆಯಿಂದಲೂ ಬಂಡೀಪುರದಿಂದಲೂ ಆನೆಗಳು ಮರಿಗಳನ್ನು ಕಟ್ಟಿಕೊಂಡು ಆ ಹುಲ್ಲಿಗೆ ಬರುತ್ತವೆ. ಏಷ್ಯದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಕೂಡುವ ಜಾಗಗಳು ಲೋಕದಲ್ಲೇ ಕೆಲವು. ಜೂನಿನ ಮಳೆ ಹಿಡಿದು ನೀರು ಏರಿತೆಂದರೆ ಅವು ಚದುರಿಹೋದವು. ನಮ್ಮ ಮಕ್ಕಳ ರಜೆಗೂ ಈ ಆನೆಗಳ ಕೂಟಕ್ಕೂ ಯಾರೋ ಪಂಚಾಂಗ ನೋಡಿ ಮುಹೂರ್ತ ಕೂಡಿಸಿದ ಹಾಗಿದೆ.

ಖರ್ಚಿನ ಮಾತಿಗೆ ಬಂದರೆ, ಕಚೇರಿಯ ಎಲ್.ಟಿ.ಸಿ. ದೇಶದೊಳಗಿನ ಪ್ರಯಾಣಕ್ಕೆ ಮಾತ್ರ. ಹೊರದೇಶವನ್ನು ಸುತ್ತಿ ಬಂದು ದೇಶದೊಳಗಿನ ಊರೊಂದರ ಹೆಸರಲ್ಲಿ ಅದರ ತೆರಿಗೆ ವಿನಾಯಿತಿ ಕೇಳುವುದು ಸಲ್ಲದೆಂದು ಬ್ಯಾಂಕು ನೌಕರರಿಗೆ ಸಂಬಂಧಿಸಿದ ಒಂದು ಪ್ರಕರಣದಲ್ಲಿ 2022ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿದೆ. ಕಬಿನಿಗಾದರೆ ಎಲ್.ಟಿ.ಸಿ. ಸಲ್ಲುತ್ತದೆ. ಸರ್ಕಾರದ ಜಂಗಲ್ ಲಾಡ್ಜಸ್ಸಿನ ವಸತಿ ಅಗ್ಗವೇನಲ್ಲ, ಹೇಳಿಬಿಡುತ್ತೇವೆ. ಮೈಸೂರಿನಲ್ಲೋ ಹೆಗ್ಗಡದೇವನಕೋಟೆಯಲ್ಲೋ ಉಳಿದುಕೊಂಡು ಅರಣ್ಯ ಇಲಾಖೆಯ ಬಸ್ಸಿನಲ್ಲಿ ಹೋಗಿಬರುವವರೂ ಇದ್ದಾರೆ. ಮಂಗಳೂರು, ಉಡುಪಿಯ ಕಡೆಯವರು ಊರಿಗೆ ಹೋದಾಗ ಮಡಿಕೇರಿಯ ಮೇಲೆ ಕುಟ್ಟದ ಬಾಗಿಲಿನಿಂದ ನಾಗರಹೊಳೆ ಹೊಗಬಹುದು. ಹುಬ್ಬಳ್ಳಿ, ಧಾರವಾಡದವರಿಗೆ ದಾಂಡೇಲಿಯ ಕಾಳಿ ಕಾಡು ಹತ್ತಿರ. ಯಲ್ಲಾಪುರ, ಹಳಿಯಾಳದ ಆಸುಪಾಸಿನಲ್ಲಿ ಸಿದ್ದಿಗಳು ಇದ್ದಾರೆ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕದಿಂದ ಆಳಾಗಿ ಬಂದವರ ಸಂತತಿ, ಇಂದು ನಮ್ಮ ಕನ್ನಡ ಕೊಂಕಣಿಗಳನ್ನೇ ಆಡುವವರು. ಆಫ್ರಿಕವನ್ನು ಅರಸಿ ಹೊರಟವರು ಇದನ್ನೂ ಮಕ್ಕಳಿಗೆ ಹೇಳಬೇಕು.

ಕಾಡು ಬರಿಯ ಮೃಗಗಳದಲ್ಲ ಎಂಬುದನ್ನೂ ಹೇಳಬೇಕು. ಸೆರೆಂಗೆಟಿಯಿಂದ 1959ರಲ್ಲಿ ಮಸಾಯಿ ದನಗಾಹಿಗಳನ್ನು ಎಬ್ಬಿಸಿ ಪಕ್ಕದ ಗೊರೊಂಗೊರೊದಲ್ಲಿ ಇರಗೊಟ್ಟರು. ಅಲ್ಲಿಂದಲೂ ಏಳಬೇಕೆಂಬ ಒತ್ತಾಯದ ಜಗಳ ಈಚಿನ ವರ್ಷಗಳಲ್ಲಿ ಮತ್ತೆ ಕೆದರಿದೆ. ನಾಗರಹೊಳೆಯಿಂದ ಜೇನುಕುರುಬರನ್ನು ಹೊರಗಿನ ಕಾಲೊನಿಗಳಿಗೆ ಒಯ್ದರು. 2025ರ ಕೊನೆಯಲ್ಲಿ ಕಾಡಂಚಿನ ರೈತರನ್ನು ಹುಲಿ ಕೊಂದಾಗ, ಸಫಾರಿಯ ಗಾಡಿಗಳ ಕಾವಲಿಗೆ ಇರುವ ಸಿಬ್ಬಂದಿ ನಮ್ಮ ಹೊಲದ ಕಾವಲಿಗೆ ಏಕಿಲ್ಲ ಎಂದು ಜನ ಕೇಳಿದರು. ನವೆಂಬರಿನಲ್ಲಿ ಸರ್ಕಾರ ಬಂಡೀಪುರ, ನಾಗರಹೊಳೆಗಳ ಸಫಾರಿಯನ್ನೇ ನಿಲ್ಲಿಸಿತು. ಆ ಪ್ರಶ್ನೆ ನಮಗೆ ಅನ್ಯಾಯವೆಂದು ತೋರಲಿಲ್ಲ. ನಮ್ಮಲ್ಲೇ ಎಷ್ಟೋ ಮಂದಿಯ ಅಣ್ಣತಮ್ಮಂದಿರು ಇಂದಿಗೂ ಅಂತಹ ಅಂಚಿನಲ್ಲೇ ರಾಗಿ ಬೆಳೆಯುತ್ತಾರೆ. ಆದುದರಿಂದ ಹಣ ಕಟ್ಟುವ ಮೊದಲು, ಆ ವಾರ ಯಾವ ಬಾಗಿಲು ತೆರೆದಿದೆ, ಎಷ್ಟು ಗಾಡಿ ಬಿಡುತ್ತಾರೆ ಎಂದು ಇಲಾಖೆಯಲ್ಲೇ ವಿಚಾರಿಸಿಕೊಳ್ಳಿ. ದಲ್ಲಾಳಿಯ ಮಾತಿಗೆ ಬಿಡಬೇಡಿ.

ಮೂರನೆಯದು ಆಫ್ರಿಕ. ಐರೋಲಿಯ ದೋಣಿ, ಕಬಿನಿಯ ಬೇಸಗೆ ಎರಡೂ ಆದ ಮೇಲೆ ಮಕ್ಕಳು "ಇನ್ನೂ ಬೇಕು" ಎಂದರೆ ಹೋಗಿ, ಸಂತೋಷವಾಗಿ ಹೋಗಿ. ಮುಂಬಯಿಯಿಂದ ನೈರೋಬಿಗೆ ನೇರ ವಿಮಾನದಲ್ಲಿ ಆರು ಗಂಟೆಯ ಹಾದಿ. ಕಲ್ಯಾಣದಿಂದ ಬೆಂಗಳೂರಿಗೆ ಉದ್ಯಾನ್ ಎಕ್ಸ್‌ಪ್ರೆಸ್ಸಿಗೆ ಹೆಚ್ಚುಕಡಮೆ ಒಂದು ಹಗಲು ಒಂದು ರಾತ್ರಿ. ದೂರವೆನ್ನುವುದು ಈಗ ಮೈಲಿಯಲ್ಲಿಲ್ಲ, ಹಣದಲ್ಲಿದೆ. ಆ ಹಣವನ್ನು ಮೂರು ವರ್ಷ ಮುಂಚೆ ಭಿಶಿಯಲ್ಲಿ ಕೂಡಿಸುತ್ತಾ ಬಂದು, ಅಷ್ಟರೊಳಗೆ ಯಾವ ತಿಂಗಳು ಎಲ್ಲರಿಗೂ ಕೂಡಿಬರುತ್ತದೆಂದು ಮನೆಯಲ್ಲಿ ಕುಳಿತು ತೀರ್ಮಾನಿಸಬಹುದು. ಸಾಲ ಮಾಡಿ ಹೋಗಬೇಡಿ ಎಂದು ಮಾತ್ರ ನಾವು ಕೈಮುಗಿದು ಹೇಳುತ್ತೇವೆ. ಸಿಂಹ ಮೂರು ದಿನ ಕಾಣುತ್ತದೆ, ಕಂತು ಮೂರು ವರ್ಷ.

ಈ ಬೇಸಗೆಗೆ ಕಬಿನಿ ಎಂದು ಮನಸ್ಸು ಮಾಡಿದವರಿಗೆ ಒಂದು ಸೂಚನೆ. 2024ರ ನವೆಂಬರಿನಿಂದ ರೈಲಿನ ಮುಂಗಡ ಟಿಕೀಟು 60 ದಿನ ಮೊದಲು ಮಾತ್ರ ತೆರೆಯುತ್ತದೆ. ಹಿಂದಿನಂತೆ ನಾಲ್ಕು ತಿಂಗಳಲ್ಲ. ಮೇ 10ಕ್ಕೆ ಕಲ್ಯಾಣ ಬಿಡುವವರು ಮಾರ್ಚ್ 11ರ ಬೆಳಿಗ್ಗೆ ಎಂಟಕ್ಕೆ ಸಿದ್ಧರಿರಬೇಕು. ಕಂಪ್ಯೂಟರಿನಲ್ಲಿ ಟಿಕೀಟು ತೆಗೆಯಲು ಬಾರದವರು ಹಿಂದಿನ ದಿನ ಸಂಜೆ ವಾಚನಾಲಯಕ್ಕೆ ಬಂದು ಹೆಸರು, ವಯಸ್ಸು, ಗುರುತಿನ ಚೀಟಿಯ ಸಂಖ್ಯೆ ಬರೆದುಕೊಟ್ಟರೆ ನಮ್ಮ ಹುಡುಗರು ತೆಗೆದುಕೊಡುತ್ತಾರೆ.